ಸ್ಟಾಕ್ ಲೆಕ್ಕ ಕೈಕೊಟ್ಟಾಗ: ಮೆನಿ-ಟು-ಮೆನಿ ಸಂಬಂಧದ ದೋಷ ಹುಡುಕುವ ಕೈಪಿಡಿ

ದಾವಣಗೆರೆಯಲ್ಲಿ ಬೇರಿಂಗ್, ಬೆಲ್ಟ್, ಆಯಿಲ್ ಸೀಲ್ ಮಾರುವ ಒಂದು ಅಂಗಡಿ ಇದೆ ಅಂದ್ಕೊಳ್ಳಿ. ಗಿರಾಕಿಗಳು ಎಲ್ಲ ಥರದವರು. ಭದ್ರಾ ನಾಲೆ ಕಡೆಯ ರೈಸ್ ಮಿಲ್‌ನವರು, ಮಂಡಕ್ಕಿ ಭಟ್ಟಿಯವರು, ಹಿಟ್ಟಿನ ಗಿರಣಿಯವರು, ಸುಗ್ಗಿ ಬಂತೆಂದರೆ ಮೆಕ್ಕೆಜೋಳ ಒಕ್ಕುವ ಮಷಿನ್ ಇಟ್ಟವರು. ಇವರಲ್ಲಿ ಎಷ್ಟೋ ಜನಕ್ಕೆ 6205 ನಂಬರಿನ ಬೇರಿಂಗ್ ಬೇಕು. ಒಳಗಿನ ವ್ಯಾಸ 25 ಮಿ.ಮೀ., ಹೊರಗಿನದು 52, ದಪ್ಪ 15. ಯಾವ ಕಂಪನಿ ಮಾಡಿದರೂ ಅಳತೆ ಅದೇ. ಹಾಗಾಗಿ ಒಂದೇ ಬೇರಿಂಗ್ ಹತ್ತಾರು ಮಷಿನ್‌ಗೆ ಕೂರುತ್ತದೆ. ಒಂದು ಮಷಿನ್‌ಗೆ ಹತ್ತಾರು ಪಾರ್ಟ್ ಬೇಕು. ಒಂದು ಪಾರ್ಟನ್ನು ಮೂರ್ನಾಲ್ಕು ಸಪ್ಲೈಯರ್‌ಗಳು ಕೊಡುತ್ತಾರೆ, ಒಬ್ಬ ಸಪ್ಲೈಯರ್ ನೂರಾರು ಪಾರ್ಟ್ ಕೊಡುತ್ತಾನೆ. ಬಿಲ್ಲಿನ ಕಥೆಯೂ ಅದೇ: ಒಂದು ಬಿಲ್ಲಿನಲ್ಲಿ ಹಲವು ಪಾರ್ಟ್, ಒಂದು ಪಾರ್ಟ್ ಹಲವು ಬಿಲ್ಲಿನಲ್ಲಿ.

ಇದೇ ಮೆನಿ-ಟು-ಮೆನಿ. ರಿಲೇಷನಲ್ ಡೇಟಾಬೇಸಿನಲ್ಲಿ ಇದನ್ನು ಎರಡು ಟೇಬಲ್‌ಗಳಲ್ಲೇ ಮುಗಿಸಲು ಆಗುವುದಿಲ್ಲ, ನಡುವೆ ಮೂರನೆಯದೊಂದು ಬೇಕು. ನಮ್ಮ ಅಂಗಡಿಯಲ್ಲಿ ಪಾರ್ಟ್, ಮಷಿನ್, ಸಪ್ಲೈಯರ್, ಬಿಲ್ ಅಂತ ನಾಲ್ಕು ಮುಖ್ಯ ಟೇಬಲ್. ನಡುವೆ ನಿಂತವು ಮಷಿನ್-ಪಾರ್ಟ್, ಖರೀದಿ-ಸಾಲು, ಬಿಲ್-ಸಾಲು. ದೋಷ ಇರುವುದು ಬಹುತೇಕ ಈ ನಡುವಿನವುಗಳಲ್ಲೇ. ಇಲ್ಲದಿದ್ದರೆ ಅವನ್ನು ಜೋಡಿಸುವ ಕ್ವೆರಿಯಲ್ಲಿ, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆಯಲ್ಲಿ.

ಈ ಕೈಪಿಡಿ ಅಂಥ ಅಂಗಡಿಯ ಸಾಫ್ಟ್‌ವೇರ್ ನೋಡಿಕೊಳ್ಳುವವರಿಗೆ. ಟೇಬಲ್ ಮಾಡಿ ಆಗಿದೆ, ದಿನಾ ಬಿಲ್ ಹೊಡೆಯುತ್ತಿದ್ದಾರೆ. ಸಾಹುಕಾರ್ರು ಫೋನ್ ಮಾಡಿ "ಕಂಪ್ಯೂಟರ್ ಒಂದು ಹೇಳುತ್ತೆ, ರ‍್ಯಾಕ್ ಇನ್ನೊಂದು ಹೇಳುತ್ತೆ, ಯಾವುದನ್ನ ನಂಬ್ಲಿ ಹೇಳಪ್ಪ" ಅಂತಿದ್ದಾರೆ. ಅಲ್ಲಿಂದ ಶುರು ಮಾಡೋಣ.

ಮೊದಲು ಒಂದು ಸಾಲನ್ನು ಜೋರಾಗಿ ಓದಿ

ಕ್ವೆರಿ ಮುಟ್ಟುವ ಮೊದಲು ಇದೊಂದು ಕೆಲಸ ಮಾಡಿ. ನಡುವಿನ ಟೇಬಲ್ ತೆರೆದು ಯಾವುದಾದರೂ ಒಂದು ಸಾಲನ್ನು ಪೂರ್ತಿ ಕನ್ನಡ ವಾಕ್ಯವಾಗಿ ಓದಿ. "ಈ ಮಾಡೆಲ್ಲಿನ ಒಕ್ಕುವ ಮಷಿನ್‌ಗೆ 6205 ಬೇರಿಂಗ್ ಎರಡು ಬೇಕು." ಸರಿಯಾಗಿದೆ. "ಇಂಥ ದಿನ, ಇಂಥ ಸಪ್ಲೈಯರ್‌ನಿಂದ, 6205 ಇಪ್ಪತ್ತು ಪೀಸ್, ಇಷ್ಟು ದರಕ್ಕೆ ಬಂತು." ಇದೂ ಸರಿ.

ಓದುವಾಗ ನಾಲಿಗೆ ತಡವರಿಸಿದರೆ ಅಲ್ಲೇ ನಿಲ್ಲಿ. ಸಪ್ಲೈಯರ್-ಪಾರ್ಟ್ ಅಂತೊಂದು ಟೇಬಲ್ ಇದೆ, ಒಳಗೆ ಎರಡು ಐಡಿ ಬಿಟ್ಟರೆ ಬೇರೇನೂ ಇಲ್ಲ ಅನ್ನಿ. ಈ ಸಪ್ಲೈಯರ್ ಈ ಪಾರ್ಟ್ ಕೊಟ್ಟಿದ್ದಾನಾ? ಕೇಳಿದರೆ ಕೊಡುತ್ತಾನಾ? ಸುಮ್ನೆ ಕ್ಯಾಟಲಾಗಿನಲ್ಲಿ ಇದೆಯಾ? ಮೂರೂ ಬೇರೆ ಬೇರೆ ಮಾತು. ಟೇಬಲ್ ಮಾಡಿದವರ ತಲೆಯಲ್ಲಿ ಒಂದಿತ್ತು, ಡೇಟಾ ತುಂಬಿದ ಹುಡುಗ ಇನ್ನೊಂದು ಅಂದುಕೊಂಡ, ರಿಪೋರ್ಟ್ ಬರೆದವರು ಮೂರನೆಯದನ್ನು ನಂಬಿದರು. ಇಂಥ ಟೇಬಲ್‌ನ ಮೇಲೆ ಎಷ್ಟು ಜಾಣ ಕ್ವೆರಿ ಬರೆದರೂ ಉತ್ತರ ಸರಿ ಬರುವುದಿಲ್ಲ.

ಎರಡನೇ ಪ್ರಶ್ನೆ: ಇದೇ ವಾಕ್ಯ ಎರಡು ಸಲ ನಿಜ ಆಗಬಹುದಾ? "ಈ ಮಷಿನ್‌ಗೆ 6205 ಎರಡು ಬೇಕು" ಅನ್ನುವುದನ್ನು ಎರಡು ಸಲ ಹೇಳಿದರೆ ಹೊಸದೇನೂ ಸಿಗುವುದಿಲ್ಲ. ಅಲ್ಲಿ ಒಂದು ಜೋಡಿಗೆ ಒಂದೇ ಸಾಲು ಇರಬೇಕು. ಖರೀದಿ ಹಾಗಲ್ಲ. ಅದೇ ಸಪ್ಲೈಯರ್‌ನಿಂದ ಅದೇ ಬೇರಿಂಗ್ ಮುಂದಿನ ವಾರವೂ ಬರುತ್ತದೆ. ಅಲ್ಲಿ ಜೋಡಿ ಮತ್ತೆ ಮತ್ತೆ ಬಂದರೆ ತಪ್ಪಲ್ಲ. ಈ ಎರಡು ಪ್ರಶ್ನೆಗೆ ಉತ್ತರ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಕೆಳಗಿನ ಎಲ್ಲ ಪರೀಕ್ಷೆಗೂ ಅದೇ ಬೇಕಾಗುತ್ತದೆ.

ಸ್ಟಾಕ್ ಜಾಸ್ತಿ ತೋರಿಸುತ್ತಿದೆ, ಆದರೆ ಕೆಲವು ಐಟಂ ಮಾತ್ರ

ನಾನು ನೋಡಿದ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಕಾಡುವುದು ಇದೇ. ಲಕ್ಷಣ ಹೀಗಿರುತ್ತದೆ: ಕೆಲವು ಪಾರ್ಟ್‌ಗಳ ಲೆಕ್ಕ ಪಕ್ಕಾ ಇದೆ, ಕೆಲವು ಎರಡು ಪಟ್ಟು, ಮೂರು ಪಟ್ಟು ಓಡಿವೆ. ಅಂಗಡಿ ಹೊಸದಾಗಿದ್ದಾಗ ಎಲ್ಲ ಸರಿ ಇತ್ತು, ಆರು ತಿಂಗಳಿಗೆ ಕೆಟ್ಟಿತು. ಸಾಹುಕಾರ್ರು ಇದಕ್ಕೆ ವೈರಸ್ ಅನ್ನುತ್ತಾರೆ. ವೈರಸ್ ಅಲ್ಲ, ಜಾಯಿನ್, ಅಂದರೆ ಬೇರೆ ಬೇರೆ ಟೇಬಲ್ಲಿನ ಸಾಲುಗಳನ್ನು ಜೋಡಿಸುವ ರೀತಿ.

ಲೆಕ್ಕ ಹಾಕಿ ನೋಡೋಣ. 6205 ಬೇರಿಂಗ್ ಮೂರು ಸಲ ಖರೀದಿಯಾಗಿದೆ: 20, 30, 10 ಪೀಸ್. ಒಟ್ಟು 60. ನಾಲ್ಕು ಬಿಲ್ಲಿನಲ್ಲಿ ಮಾರಾಟವಾಗಿದೆ: 4, 6, 4, 6. ಒಟ್ಟು 20. ರ‍್ಯಾಕಿನಲ್ಲಿ 40 ಇರಬೇಕು. ರಿಪೋರ್ಟ್ ಬರೆದವರು ಪಾರ್ಟ್ ಟೇಬಲ್‌ಗೆ ಖರೀದಿ-ಸಾಲು ಜಾಯಿನ್ ಮಾಡಿದರು, ಅದೇ ಕ್ವೆರಿಯಲ್ಲಿ ಬಿಲ್-ಸಾಲನ್ನೂ ಜಾಯಿನ್ ಮಾಡಿದರು. ಖರೀದಿಯ ಮೊತ್ತದಲ್ಲಿ ಮಾರಾಟದ ಮೊತ್ತ ಕಳೆದರು. ನೋಡಿದರೆ ನೇರವಾಗಿಯೇ ಇದೆ, ಅಲ್ವಾ?

ಡೇಟಾಬೇಸ್ ಏನು ಮಾಡುತ್ತದೆ ಅಂದರೆ, ಮೂರು ಖರೀದಿಯಲ್ಲಿ ಪ್ರತಿಯೊಂದನ್ನೂ ನಾಲ್ಕು ಮಾರಾಟದ ಪ್ರತಿಯೊಂದರ ಜೊತೆ ಕೂರಿಸುತ್ತದೆ. ಏಕೆಂದರೆ ಈ ಖರೀದಿ ಆ ಮಾರಾಟಕ್ಕೆ ಸೇರಿದ್ದು ಅಂತ ನೀವು ಎಲ್ಲೂ ಹೇಳಿಲ್ಲ. ಎರಡಕ್ಕೂ ಪಾರ್ಟ್ ಒಂದೇ, ಅಷ್ಟೇ ಅದಕ್ಕೆ ಗೊತ್ತು. ಒಟ್ಟು 12 ಸಾಲು ಬರುತ್ತವೆ. ಪ್ರತಿ ಖರೀದಿ ನಾಲ್ಕು ಸಲ ಎಣಿಕೆಯಾಗಿ 240 ಆಗುತ್ತದೆ. ಪ್ರತಿ ಮಾರಾಟ ಮೂರು ಸಲ ಎಣಿಕೆಯಾಗಿ 60. ಸ್ಟಾಕ್ 180! ಒಂದೇ ಸಲ ಖರೀದಿಯಾಗಿ ಒಂದೇ ಬಿಲ್ಲಿನಲ್ಲಿ ಹೋದ ಪಾರ್ಟ್‌ಗೆ ಒಂದೇ ಸಾಲು ಬರುತ್ತದೆ, ಹಾಗಾಗಿ ಅದರ ಲೆಕ್ಕ ಸರಿ ಇರುತ್ತದೆ. ಅಂಗಡಿ ಹೊಸದಾಗಿದ್ದಾಗ ದೋಷ ಕಾಣದೆ ಇದ್ದದ್ದು ಅದಕ್ಕೇ.

ಇದೇ ದೋಷ ಹೌದೋ ಅಲ್ಲವೋ ಅಂತ ಖಚಿತ ಮಾಡಿಕೊಳ್ಳುವುದು ಸುಲಭ. ಲೆಕ್ಕ ತಪ್ಪಿದ ಒಂದೇ ಒಂದು ಪಾರ್ಟ್ ಹಿಡಿಯಿರಿ. ಕ್ವೆರಿಯಿಂದ ಗ್ರೂಪ್ ಬೈ (ಗುಂಪು ಮಾಡುವುದು) ಮತ್ತು ಸಮ್ (ಕೂಡಿಸುವುದು) ತೆಗೆದುಹಾಕಿ, ಬರಿ ಸಾಲುಗಳನ್ನು ನೋಡಿ. ಒಂದೇ ಖರೀದಿ ನಂಬರ್ ಮತ್ತೆ ಮತ್ತೆ ಕಾಣಿಸುತ್ತಿದ್ದರೆ ಸಿಕ್ಕಿಬಿತ್ತು. ಭಾಗಾಕಾರದಿಂದಲೂ ಗೊತ್ತಾಗುತ್ತದೆ. ತಪ್ಪು ಮೊತ್ತ 240, ನಿಜವಾದದ್ದು 60. ಭಾಗಿಸಿದರೆ 4. ಆ ಪಾರ್ಟ್ ಎಷ್ಟು ಬಿಲ್-ಸಾಲಿನಲ್ಲಿದೆ? ನಾಲ್ಕು. ಹೀಗೆ ಚೊಕ್ಕವಾಗಿ ಭಾಗವಾಗಿ ಇನ್ನೊಂದು ಟೇಬಲ್‌ನ ಸಾಲಿನ ಎಣಿಕೆಗೆ ತಾಳೆಯಾದರೆ ಬೇರೆ ಸಾಕ್ಷಿ ಬೇಕಿಲ್ಲ.

ಇಲ್ಲಿ ಒಂದು ಅಡ್ಡದಾರಿ ಇದೆ, ತುಂಬಾ ಜನ ಹಿಡಿಯುತ್ತಾರೆ. ಸಮ್ ಒಳಗೆ ಡಿಸ್ಟಿಂಕ್ಟ್ ಸೇರಿಸುವುದು. ಒಂದೇ ಅಂಕಿ ಮತ್ತೆ ಬಂದರೆ ಬಿಟ್ಟುಬಿಡು ಅನ್ನುವುದು ಅದರ ಅರ್ಥ. ಖರೀದಿ 20, 30, 10 ಮೂರೂ ಬೇರೆ ಬೇರೆ, ಹಾಗಾಗಿ 60 ಸರಿಯಾಗಿಯೇ ಬರುತ್ತದೆ. ಮಾರಾಟ 4, 6, 4, 6. ಡಿಸ್ಟಿಂಕ್ಟ್ ಹಾಕಿದರೆ 4 ಮತ್ತು 6 ಮಾತ್ರ ಉಳಿದು 10 ಆಗುತ್ತದೆ. ಸ್ಟಾಕ್ 50. ನಿಜವಾದದ್ದು 40. ನನ್ನ ಪ್ರಕಾರ 180ಕ್ಕಿಂತ ಈ 50 ಅಪಾಯ. 180 ಕಂಡರೆ ಯಾರಾದರೂ ತಪ್ಪು ಅನ್ನುತ್ತಾರೆ. 50 ಕಂಡರೆ "ಹುಡುಗರು ಎಲ್ಲೋ ಹತ್ತು ಪೀಸ್ ಬಿಲ್ ಮಾಡದೆ ಕೊಟ್ಟಿದ್ದಾರೆ" ಅಂತ ಕೌಂಟರಿನ ಹುಡುಗನ ಮೇಲೆ ಅನುಮಾನ ಬೀಳುತ್ತದೆ. ಡಿಸ್ಟಿಂಕ್ಟ್ ಒಳಗೆ ಐಡಿ ಹಾಕಿ ಎಣಿಸುವುದು ಸರಿ. ಮೊತ್ತ ಹಾಕಿ ಕೂಡಿಸುವುದು ಬೇಡ.

ಸರಿಯಾದ ದಾರಿ ಇದು. ಖರೀದಿಯನ್ನು ಒಂದು ಒಳ-ಕ್ವೆರಿಯಲ್ಲಿ ಪಾರ್ಟ್‌ವಾರು ಕೂಡಿಸಿ. ಈಗ ಒಂದು ಪಾರ್ಟ್‌ಗೆ ಒಂದೇ ಸಾಲು. ಮಾರಾಟವನ್ನು ಇನ್ನೊಂದು ಒಳ-ಕ್ವೆರಿಯಲ್ಲಿ ಹಾಗೇ ಕೂಡಿಸಿ. ಆಮೇಲೆ ಪಾರ್ಟ್ ಟೇಬಲ್‌ಗೆ ಎರಡನ್ನೂ ಲೆಫ್ಟ್ ಜಾಯಿನ್ ಮಾಡಿ. ಒಂದಕ್ಕೊಂದು ಸೇರುವುದರಿಂದ ಗುಣಾಕಾರಕ್ಕೆ ಅವಕಾಶವೇ ಇಲ್ಲ. ಲೆಫ್ಟ್ ಯಾಕೆ ಅಂದರೆ, ಖರೀದಿಯಾಗಿ ಇನ್ನೂ ಮಾರಾಟವಾಗದ ಪಾರ್ಟ್ ರಿಪೋರ್ಟಿನಿಂದ ಮಾಯವಾಗಬಾರದು. ಅಂಥ ಪಾರ್ಟ್‌ಗೆ ಮಾರಾಟ ನಲ್ (ಬೆಲೆಯೇ ಇಲ್ಲದ ಖಾಲಿ) ಬರುತ್ತದೆ, 60ರಲ್ಲಿ ನಲ್ ಕಳೆದರೆ ಉತ್ತರವೂ ನಲ್. ಕೋಅಲೆಸ್ಸ್ ಹಾಕಿ ಸೊನ್ನೆ ಮಾಡಿಕೊಳ್ಳಿ.

ಒಂದೇ ಜೋಡಿ ಎರಡು ಸಲ

ಒಕ್ಕುವ ಮಷಿನ್‌ನ ಪಾರ್ಟ್ ಪಟ್ಟಿ ತೆಗೆದರೆ 6205 ಎರಡು ಕಡೆ ಕಾಣಿಸುತ್ತದೆ. ಮಷಿನ್ ಐಡಿ, ಪಾರ್ಟ್ ಐಡಿ ಎರಡರ ಮೇಲೆ ಗ್ರೂಪ್ ಬೈ ಮಾಡಿ, ಎಣಿಕೆ ಒಂದಕ್ಕಿಂತ ಜಾಸ್ತಿ ಇರುವ ಜೋಡಿಗಳನ್ನು ಹ್ಯಾವಿಂಗ್‌ನಿಂದ ಹೊರತೆಗೆಯಿರಿ. ಸಿಕ್ಕ ಕೂಡಲೇ ಅಳಿಸಲು ಹೋಗಬೇಡಿ.

ಇದರಲ್ಲಿ ಎರಡು ಕಥೆ ಇರಬಹುದು. ಒಂದು, ಸೇವ್ ಬಟನ್ ಎರಡು ಸಲ ಒತ್ತಿದ್ದಾರೆ. ಇನ್ನೊಂದು, ಶಾಫ್ಟಿನ ಪುಲ್ಲಿ ಕಡೆಗೊಂದು, ಆಚೆ ಕಡೆಗೊಂದು ಬೇರಿಂಗ್ ಇದೆ, ಡೇಟಾ ತುಂಬಿದವನು ಎರಡು ಸಾಲು ಬರೆದು ಅದನ್ನೇ ಹೇಳಿದ್ದಾನೆ. ಎರಡನೆಯದಾದರೆ ಅಳಿಸಿದ ಕ್ಷಣ ಮಾಹಿತಿ ಹೋಯಿತು. ಗಿರಾಕಿ ಒಂದೇ ಬೇರಿಂಗ್ ಒಯ್ದು, ಮಷಿನ್ ಬಿಚ್ಚಿ ನೋಡಿ, ಮತ್ತೆ ಹತ್ತು ಮೈಲಿ ಬರಬೇಕಾಗುತ್ತದೆ. ಹಾಗಾಗಿ ಮೊದಲು ತೀರ್ಮಾನ ಮಾಡಿ. ಎಷ್ಟು ಬೇಕು ಅನ್ನುವುದಷ್ಟೇ ಮುಖ್ಯವಾದರೆ ಎಣಿಕೆ ಅಂತ ಕಾಲಂ ಇಟ್ಟು, ಮಷಿನ್ ಮತ್ತು ಪಾರ್ಟ್ ಐಡಿ ಎರಡನ್ನೂ ಸೇರಿಸಿ ಪ್ರೈಮರಿ ಕೀ (ಸಾಲನ್ನು ಗುರುತಿಸುವ, ಎರಡು ಸಲ ಬರಬಾರದ ಕೀ) ಮಾಡಿ. ಎಲ್ಲಿ ಕೂರುತ್ತದೆ ಅನ್ನುವುದೂ ಬೇಕಾದರೆ ಜಾಗ ಅಂತ ಇನ್ನೊಂದು ಕಾಲಂ ಸೇರಿಸಿ, ಮೂರೂ ಕೂಡಿ ಕೀ ಆಗಲಿ.

ಮೂರನೆಯ ಕಾಲಂ ಬಂದಾಗ ನಲ್ ಬಗ್ಗೆ ಹುಷಾರು. ಜಾಗ ಗೊತ್ತಿಲ್ಲ ಅಂತ ಖಾಲಿ ಬಿಟ್ಟರೆ, ಒಂದೇ ಸಾಲು ಎರಡು ಸಲ ಬರಬಾರದು ಅನ್ನುವ ಯೂನಿಕ್ ನಿಯಮ ಕೆಲಸಕ್ಕೆ ಬರುವುದಿಲ್ಲ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್, ಎಸ್‌ಕ್ಯೂಲೈಟ್ ಅನ್ನುವ ಮೂರು ಡೇಟಾಬೇಸ್ ಸಾಫ್ಟ್‌ವೇರಿನಲ್ಲೂ ಯೂನಿಕ್ ವಿಷಯಕ್ಕೆ ಒಂದು ನಲ್ ಇನ್ನೊಂದು ನಲ್‌ಗೆ ಸಮ ಅಲ್ಲ. ಅದೇ ಸಾಲು ನೂರು ಸಲ ಸೇರಿಸಿದರೂ ಒಪ್ಪಿಕೊಳ್ಳುತ್ತವೆ. ಪೋಸ್ಟ್‌ಗ್ರೆಸ್ 15ರಿಂದ ನಲ್‌ಗಳನ್ನೂ ಸಮ ಎಂದು ಎಣಿಸುವ ಆಯ್ಕೆ ಇದೆ. ಎಸ್‌ಕ್ಯೂಲೈಟ್‌ನಲ್ಲಿ ಇನ್ನೂ ಒಂದು ಹಳೇ ತೊಡಕು: ಸಾಮಾನ್ಯ ಟೇಬಲ್‌ನಲ್ಲಿ ಹಲವು ಕಾಲಂ ಸೇರಿದ ಪ್ರೈಮರಿ ಕೀ ಒಳಗೂ ಅದು ನಲ್ ಬಿಟ್ಟುಕೊಳ್ಳುತ್ತದೆ. ನಾಟ್ ನಲ್ ಅಂತ ನೀವೇ ಬರೆಯಬೇಕು. ಜಾಗ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ" ಅಂತಲೇ ಒಂದು ಬೆಲೆ ಇಟ್ಟುಬಿಡಿ, ಗೋಜಲು ಮುಗಿಯುತ್ತದೆ.

ಬಿಲ್-ಸಾಲಿಗೆ ಮಾತ್ರ ಈ ಔಷಧ ಹಾಕಬೇಡಿ. ಒಂದೇ ಬಿಲ್ಲಿನಲ್ಲಿ 6205 ಎರಡು ಸಲ ಬರುವುದುಂಟು, ನಾಲ್ಕು ಪೀಸ್ ಒಂದು ಕಂಪನಿಯದು ಒಂದು ದರಕ್ಕೆ, ಎರಡು ಪೀಸ್ ಇನ್ನೊಂದರದ್ದು ಬೇರೆ ದರಕ್ಕೆ. ಅಲ್ಲಿ ಬಿಲ್ ನಂಬರ್ ಮತ್ತು ಸಾಲಿನ ನಂಬರ್ ಸೇರಿದರೆ ಕೀ.

ಕಾಮಾ ಹಾಕಿ ಪೋಣಿಸಿದ ಐಡಿಗಳು

ನಡುವಿನ ಟೇಬಲ್ಲೇ ಇಲ್ಲದ ಅಂಗಡಿಗಳೂ ಇವೆ. ಪಾರ್ಟ್ ಟೇಬಲ್‌ನಲ್ಲೇ ಮಷಿನ್‌ಗಳು ಅಂತೊಂದು ಕಾಲಂ, ಅದರೊಳಗೆ 5,15,51 ಅಂತ ಬರೆದಿರುತ್ತಾರೆ. ಲಕ್ಷಣ: 5ನೇ ಮಷಿನ್‌ನ ಪಾರ್ಟ್ ಕೇಳಿದರೆ 15, 51, 105ರದ್ದೂ ಬಂದು ಬೀಳುತ್ತವೆ. ಲೈಕ್ ಹಾಕಿ ಹುಡುಕುವಾಗ ಅದಕ್ಕೆ 5 ಅನ್ನುವ ಅಕ್ಷರ ಎಲ್ಲಿದ್ದರೂ ಒಂದೇ. ಮಷಿನ್ ಒಂದಂಕಿಯಲ್ಲಿ ಇದ್ದಷ್ಟು ದಿನ ಸರಿ ನಡೆದು, ಹತ್ತು ದಾಟಿದ ಮೇಲೆ ಕೆಟ್ಟಿತು ಅಂದರೆ ಕಣ್ಣು ಮುಚ್ಚಿ ಈ ಕಾಲಂ ನೋಡಿ.

ಮೈಎಸ್‌ಕ್ಯೂಎಲ್‌ನಲ್ಲಿ ಫೈಂಡ್-ಇನ್-ಸೆಟ್ ಅಂತ ಇದೆ, ಪೂರ್ತಿ ಐಡಿಯನ್ನೇ ಹುಡುಕುತ್ತದೆ. ಆದರೆ ಕಾಮಾ ಆದಮೇಲೆ ಯಾರೋ ಒಂದು ಖಾಲಿ ಜಾಗ ಬಿಟ್ಟಿದ್ದರೆ ಅದೂ ಕೈಕೊಡುತ್ತದೆ, ಬೇಗ ಹುಡುಕಲು ಇಡುವ ಇಂಡೆಕ್ಸೂ ಉಪಯೋಗಕ್ಕೆ ಬರುವುದಿಲ್ಲ. ಪಟ್ಟಿಯೊಳಗಿನ 15ನೇ ಮಷಿನ್ ನಿಜವಾಗಿ ಇದೆಯಾ ಅಂತ ಡೇಟಾಬೇಸ್ ನೋಡುವುದೂ ಇಲ್ಲ. ತೇಪೆ ಹಾಕುತ್ತಾ ಕೂರಬೇಡಿ. ಪಟ್ಟಿಯನ್ನು ಒಡೆದು ಒಂದೊಂದು ಐಡಿಗೆ ಒಂದೊಂದು ಸಾಲು ಮಾಡಿ ಮಷಿನ್-ಪಾರ್ಟ್ ಟೇಬಲ್‌ಗೆ ಸುರಿಯಿರಿ. ಒಡೆಯುವಾಗ ಸುತ್ತಲಿನ ಖಾಲಿ ಜಾಗ ಕತ್ತರಿಸಿ, ಖಾಲಿ ತುಂಡು ಬಿಡಿ, ಇಲ್ಲದ ಮಷಿನ್ ಐಡಿಗಳನ್ನು ಬೇರೆ ಪಟ್ಟಿಗೆ ಹಾಕಿ ಸಾಹುಕಾರ್ರ ಕೈಗೆ ಕೊಡಿ. ಹಳೇ ಕಾಲಮ್ಮನ್ನು ಆಮೇಲೆ ತೆಗೆದೇಬಿಡಿ. ಇಟ್ಟುಕೊಂಡರೆ ಯಾವುದೋ ಹಳೇ ಸ್ಕ್ರೀನ್ ಅದಕ್ಕೇ ಬರೆಯುತ್ತಾ ಇರುತ್ತದೆ, ಎರಡು ಸತ್ಯ ಹುಟ್ಟಿಕೊಳ್ಳುತ್ತವೆ. ಮಷಿನ್1, ಮಷಿನ್2, ಮಷಿನ್3 ಅಂತ ಮೂರು ಕಾಲಂ ಇಟ್ಟವರದೂ ಇದೇ ಕಾಯಿಲೆ. ನಾಲ್ಕನೇ ಮಷಿನ್ ಬಂದ ದಿನ ಗೊತ್ತಾಗುತ್ತದೆ.

ಇದಕ್ಕೆ ತಿರುಗಾ ಇನ್ನೊಂದಿದೆ. ಟೇಬಲ್ ಸರಿ ಇದೆ, ಆದರೆ ರಿಪೋರ್ಟಿನಲ್ಲಿ ಒಂದು ಪಾರ್ಟ್‌ನ ಮಷಿನ್ ಹೆಸರುಗಳನ್ನೆಲ್ಲ ಒಂದೇ ಸಾಲಲ್ಲಿ ತೋರಿಸುವಾಗ ಕೊನೆಯ ಹೆಸರು ಅರ್ಧಕ್ಕೇ ತುಂಡಾಗಿದೆ. ಮೈಎಸ್‌ಕ್ಯೂಎಲ್‌ನ ಗ್ರೂಪ್-ಕನ್‌ಕ್ಯಾಟ್ ತಾನಾಗಿ 1024 ಬೈಟಿಗೆ ನಿಲ್ಲುತ್ತದೆ. ಕನ್ನಡದ ಒಂದೊಂದು ಅಕ್ಷರಚಿಹ್ನೆಗೆ ಯುಟಿಎಫ್-8ರಲ್ಲಿ ಮೂರು ಬೈಟ್, ಹಾಗಾಗಿ ಹೆಸರು ಕನ್ನಡದಲ್ಲಿದ್ದರೆ ಬೇಗ ತುಂಬುತ್ತದೆ. ಮಿತಿ ಏರಿಸಿದರೆ ಸಾಕು, ಡೇಟಾ ಏನೂ ಕೆಟ್ಟಿಲ್ಲ.

ತಾಯಿ ಟೇಬಲ್‌ನಲ್ಲಿ ಇಲ್ಲ, ನಡುವೆ ಉಳಿದಿದೆ

ತಾಯಿ ಟೇಬಲ್ ಅಂದರೆ ಆ ಐಡಿ ಹುಟ್ಟಿದ ಮುಖ್ಯ ಟೇಬಲ್. ಅಲ್ಲಿ ಮಷಿನ್ ಅಳಿಸಿದ್ದಾರೆ, ಅದರ ಮಷಿನ್-ಪಾರ್ಟ್ ಸಾಲುಗಳು ಹಾಗೇ ಇವೆ. ತಾಯಿ ಟೇಬಲ್ಲಿನಲ್ಲಿ ಇಲ್ಲದ ಐಡಿಯನ್ನು ಬಿಡದ ಫಾರಿನ್ ಕೀ ಹಾಕಿದ್ದೇವಲ್ಲ, ಹೇಗಾಯಿತು ಅಂತ ಕೇಳುತ್ತೀರಿ. ಹಾಕಿದ್ದು ನಿಜ, ಅದು ನಡೆಯುತ್ತಿದೆಯೇ ಅನ್ನುವುದು ಬೇರೆ ಮಾತು.

ಎಸ್‌ಕ್ಯೂಲೈಟ್‌ನಲ್ಲಿ ಫಾರಿನ್ ಕೀ ತಾನಾಗಿ ಆನ್ ಇರುವುದಿಲ್ಲ. ಪ್ರತಿ ಕನೆಕ್ಷನ್ ತೆರೆದಾಗಲೂ ಪ್ರಾಗ್ಮಾ ಅನ್ನುವ ಸೆಟ್ಟಿಂಗ್ ಆಜ್ಞೆ ಹೇಳಿ ಆನ್ ಮಾಡಬೇಕು. ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತಿರಬಹುದು, ಯಾರೋ ಬೇರೆ ಟೂಲ್ ತೆರೆದು ಕೈಯಲ್ಲಿ ಅಳಿಸಿದಾಗ ಅದು ಮಾಡಿರುವುದಿಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ ಟೇಬಲ್‌ನ ಎಂಜಿನ್ (ಡೇಟಾ ಇಟ್ಟುಕೊಳ್ಳುವ ಒಳಭಾಗ) ನೋಡಿ. ಇನ್ನೋಡಿಬಿ ಆದರೆ ಸರಿ, ಹಳೇ ಮೈಐಸ್ಯಾಮ್ ಆದರೆ ಫಾರಿನ್ ಕೀ ಬರೆದರೂ ಓದಿ ಬಿಟ್ಟುಬಿಡುತ್ತದೆ, ಒಂದು ಮಾತೂ ಹೇಳುವುದಿಲ್ಲ. ಆವೃತ್ತಿ 5.5ರಿಂದ ಇನ್ನೋಡಿಬಿಯೇ ಮಾಮೂಲಿ ಎಂಜಿನ್, ಅದಕ್ಕಿಂತ ಹಳೇ ಕಾಲದಿಂದ ಹೊತ್ತು ತಂದ ಡೇಟಾದಲ್ಲಿ ಮೈಐಸ್ಯಾಮ್ ಉಳಿದಿರಬಹುದು. ಬ್ಯಾಕಪ್ ವಾಪಸ್ ಹಾಕುವಾಗ ಫಾರಿನ್ ಕೀ ಪರೀಕ್ಷೆ ಆಫ್ ಮಾಡುವುದು ರೂಢಿ. ಮತ್ತೆ ಆನ್ ಮಾಡಿದಾಗ ಮೈಎಸ್‌ಕ್ಯೂಎಲ್ ಆಗಲೇ ಒಳಗೆ ಬಂದ ಸಾಲುಗಳನ್ನು ಹಿಂತಿರುಗಿ ನೋಡುವುದಿಲ್ಲ.

ಹುಡುಕಲು ನಡುವಿನ ಟೇಬಲ್‌ನಿಂದ ತಾಯಿ ಟೇಬಲ್‌ಗೆ ಲೆಫ್ಟ್ ಜಾಯಿನ್ ಮಾಡಿ, ತಾಯಿ ಐಡಿ ನಲ್ ಇರುವ ಸಾಲು ತೆಗೆಯಿರಿ. ಎರಡೂ ಕಡೆಗೆ ಮಾಡಬೇಕು, ಮಷಿನ್ ಕಡೆಗೂ, ಪಾರ್ಟ್ ಕಡೆಗೂ. ಎಸ್‌ಕ್ಯೂಲೈಟ್‌ಗೆ ಇದಕ್ಕೆಂದೇ ಫಾರಿನ್-ಕೀ-ಚೆಕ್ ಪ್ರಾಗ್ಮಾ ಇದೆ.

ಕ್ಯಾಸ್ಕೇಡ್, ಅಂದರೆ ತಾಯಿ ಸಾಲು ಅಳಿಸಿದರೆ ನಡುವಿನ ಸಾಲೂ ತಾನೇ ಅಳಿಯುವುದು, ಎಲ್ಲಿ ಹಾಕಬೇಕು? ಮಷಿನ್-ಪಾರ್ಟ್‌ಗೆ ಹಾಕಿ, ತೊಂದರೆ ಇಲ್ಲ. ಮಷಿನ್ ಹೋದರೆ ಅದರ ಪಾರ್ಟ್ ಪಟ್ಟಿಯಿಂದ ಯಾರಿಗೂ ಲಾಭ ಇಲ್ಲ. ಬಿಲ್-ಸಾಲು, ಖರೀದಿ-ಸಾಲಿಗೆ ಎಂದೂ ಬೇಡ. ಬಳಕೆಯಲ್ಲಿಲ್ಲದ ಒಂದು ಬೆಲ್ಟ್ ಅಳಿಸಿದ್ದಕ್ಕೆ ಹೋದ ವರ್ಷದ ಬಿಲ್ಲುಗಳ ಮೊತ್ತ ಇಳಿದರೆ ಲೆಕ್ಕಪರಿಶೋಧಕರಿಗೆ ಏನು ಹೇಳುತ್ತೀರಿ? ಅಲ್ಲಿ ಅಳಿಸಲು ಬಿಡದ ರಿಸ್ಟ್ರಿಕ್ಟ್ ಇರಲಿ, ಪಾರ್ಟ್‌ಗೆ "ಈಗ ಮಾರುವುದಿಲ್ಲ" ಅಂತ ಒಂದು ಗುರುತು ಸಾಕು.

ಹಳೇ ಬಿಲ್ಲು ಮತ್ತೆ ಪ್ರಿಂಟ್ ತೆಗೆದರೆ ಮೊತ್ತ ಬೇರೆ

ದರ ಪಾರ್ಟ್ ಟೇಬಲ್‌ನಲ್ಲಿ ಮಾತ್ರ ಇದೆ, ಬಿಲ್-ಸಾಲಿನಲ್ಲಿ ಇಲ್ಲ. ಇದು ಒಂದೇ ಸಾಲಿನ ರೋಗನಿರ್ಣಯ. ದರ ಏರಿಸಿದ ದಿನ ಹಳೇ ಬಿಲ್ಲುಗಳೆಲ್ಲ ಏರಿದವು.

ಆ ದರಕ್ಕೆ ಮಾರಿದ್ದು ಯಾವುದು? ಬರಿ ಪಾರ್ಟ್ ಅಲ್ಲ, ಬರಿ ಬಿಲ್ಲೂ ಅಲ್ಲ. ಆ ಬಿಲ್ಲಿನಲ್ಲಿ ಆ ಪಾರ್ಟ್. ಎರಡೂ ಕೂಡಿದಾಗ ಮಾತ್ರ ಹುಟ್ಟುವ ಮಾಹಿತಿಗೆ ಜಾಗ ನಡುವಿನ ಟೇಬಲ್ಲೇ. ದರ, ಡಿಸ್ಕೌಂಟ್, ತೆರಿಗೆ ಪ್ರಮಾಣ ಮೂರೂ ಬಿಲ್-ಸಾಲಿಗೆ ನಕಲಾಗಬೇಕು. ಒಂದೇ ಮಾಹಿತಿ ಎರಡು ಕಡೆ ಇಟ್ಟಂತಾಯಿತಲ್ಲ ಅಂತ ಪಾಠ ಓದಿದವರು ತಕರಾರು ಮಾಡುತ್ತಾರೆ. ಒಂದೇ ಅಲ್ಲ. ಒಂದು ಇವತ್ತಿನ ದರ, ಇನ್ನೊಂದು ಅವತ್ತು ಕೊಟ್ಟ ದರ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದಾಗ ಹಲವು ಟ್ರ್ಯಾಕ್ಟರ್ ಬಿಡಿಭಾಗಗಳು ಶೇ. 18ರಿಂದ ಶೇ. 5ಕ್ಕೆ ಇಳಿದವು. ತೆರಿಗೆಯನ್ನು ಪಾರ್ಟ್ ಟೇಬಲ್‌ನಿಂದ ಓದುವ ಸಾಫ್ಟ್‌ವೇರ್ ಇದ್ದರೆ, ಅಲ್ಲಿ ಅಂಕಿ ತಿದ್ದಿದ ಕೂಡಲೇ ಆಗಸ್ಟ್ ತಿಂಗಳ ಬಿಲ್ಲುಗಳೂ ಹೊಸ ತೆರಿಗೆ ತೋರಿಸುತ್ತವೆ. ರಿಟರ್ನ್ಸ್ ಆಗಲೇ ಹಳೇ ಅಂಕಿಯಲ್ಲಿ ಹೋಗಿರುತ್ತದೆ.

ರಿಪೇರಿ ಮಾಡುವಾಗ ಹೊಸ ಕಾಲಂ ಸೇರಿಸಿ ಇವತ್ತಿನ ದರ ತುಂಬಿಬಿಟ್ಟರೆ ತಪ್ಪು ಗಟ್ಟಿಯಾಗುತ್ತದೆ. ಪ್ರಿಂಟಾದ ಬಿಲ್ ಪುಸ್ತಕ, ಪಿಡಿಎಫ್, ಹಳೇ ಬ್ಯಾಕಪ್ ಯಾವುದಿದೆಯೋ ಅದರಿಂದ ತುಂಬಿ.

ವಾರಂಟಿ ಬಂತು, ಬೇರಿಂಗ್ ಯಾರದ್ದು?

ಮಂಡಕ್ಕಿ ಭಟ್ಟಿಯವರು ಬರುತ್ತಾರೆ. "ಅಣ್ಣಾ, ಹೋದ ತಿಂಗಳು ಒಯ್ದ ಬೇರಿಂಗ್ ಆಗಲೇ ಸದ್ದು ಮಾಡ್ತಿದೆ, ವಾಪಸ್ ತಗೊಳ್ಳಿ." ಅಂಗಡಿಯವರು ಸಪ್ಲೈಯರ್‌ಗೆ ಕಳಿಸಬೇಕು. ಯಾವ ಸಪ್ಲೈಯರ್? ಸಿಸ್ಟಂ ಇಬ್ಬರ ಹೆಸರು ಕೊಡುತ್ತದೆ.

ಡೇಟಾಬೇಸಿಗೆ ಮೂರು ಸಂಗತಿ ಗೊತ್ತು. ಭಟ್ಟಿಯವರು 6205 ಒಯ್ದರು. ಮೊದಲನೇ ಸಪ್ಲೈಯರ್ 6205 ಕೊಟ್ಟಿದ್ದಾನೆ. ಎರಡನೆಯವನೂ ಕೊಟ್ಟಿದ್ದಾನೆ. ಇದರಿಂದ ಭಟ್ಟಿಗೆ ಹೋದದ್ದು ಯಾರದ್ದು ಅಂತ ಹೇಳಲು ಸಾಧ್ಯವೇ ಇಲ್ಲ. ಆದರೂ ಜಾಯಿನ್ ಮಾಡಿದರೆ ಉತ್ತರ ಬರುತ್ತದೆ, ಅದೇ ಸಮಸ್ಯೆ. ರಿಲೇಷನಲ್ ಮಾದರಿಯನ್ನು ಮುಂದಿಟ್ಟ ಇ.ಎಫ್. ಕಾಡ್ 1970ರ ತಮ್ಮ ಪ್ರಬಂಧದಲ್ಲೇ ಇದನ್ನು ಕನೆಕ್ಷನ್ ಟ್ರ್ಯಾಪ್ ಅಂತ ಕರೆದು ಎಚ್ಚರಿಸಿದ್ದರು. ಅವರ ಉದಾಹರಣೆಯೂ ಸಪ್ಲೈಯರ್, ಪಾರ್ಟ್, ಪ್ರಾಜೆಕ್ಟ್. ನಮ್ಮ ಬೇರಿಂಗ್ ಅಂಗಡಿಗೆ ಅಳತೆ ತೆಗೆದು ಹೊಲಿಸಿದ ಹಾಗಿದೆ.

ಪರೀಕ್ಷೆ ಹೀಗೆ ಮಾಡಿ. ಒಂದೇ ಬಿಲ್-ಸಾಲಿಗೆ ಒಂದಕ್ಕಿಂತ ಹೆಚ್ಚು ಸಪ್ಲೈಯರ್ ಬರುತ್ತಿದ್ದಾರಾ? ಬಂದರೆ ನಿಮ್ಮ ರಿಪೋರ್ಟ್ "ಇವರಲ್ಲಿ ಯಾರೋ ಒಬ್ಬರು" ಅನ್ನುವುದನ್ನು "ಇವರೇ" ಅಂತ ಹೇಳುತ್ತಿದೆ. ಮೂರು ಕಡೆಯ ಸಂಬಂಧವನ್ನು ಎರಡೆರಡರ ಟೇಬಲ್‌ಗಳಾಗಿ ಒಡೆದರೆ ಹೀಗೇ. ಮಾರುವಾಗ ಯಾವ ಖರೀದಿಯ ಡಬ್ಬದಿಂದ ತೆಗೆದದ್ದು ಅಂತ ಬಿಲ್-ಸಾಲಿನಲ್ಲೇ ಖರೀದಿ-ಸಾಲಿನ ಐಡಿ ಇಡಬೇಕು. ಕೌಂಟರಿನಲ್ಲಿ ಒಂದು ಕೆಲಸ ಜಾಸ್ತಿಯಾಗುತ್ತದೆ, ಹುಡುಗರು ಗೊಣಗುತ್ತಾರೆ. ಇಪ್ಪತ್ತು ರೂಪಾಯಿಯ ಆಯಿಲ್ ಸೀಲಿಗೆ ಇದು ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ, ವಾರಂಟಿ ಇರುವ ಪಾರ್ಟ್‌ಗೆ ಕಡ್ಡಾಯ ಮಾಡಿ. ಒಂದು ಬಿಲ್-ಸಾಲಿನ ಆರು ಪೀಸ್ ಎರಡು ಡಬ್ಬದಿಂದ ಬಂದರೆ ಎರಡು ಸಾಲಾಗಿ ಬರೆಯಿರಿ. ಹಳೇ ಬಿಲ್ಲುಗಳಿಗೆ ಮಾತ್ರ ಇದು ಸಿಗುವುದಿಲ್ಲ. ಊಹೆ ಮಾಡಿ ತುಂಬಬೇಡಿ, ಖಾಲಿ ಬಿಡಿ.

ಕ್ವೆರಿಯೇ ತಪ್ಪು ಪ್ರಶ್ನೆ ಕೇಳಿದಾಗ

ಟೇಬಲ್ ಸರಿ, ಡೇಟಾ ಸರಿ, ಉತ್ತರ ಮಾತ್ರ ಖಾಲಿ. 6205 ಬೇರಿಂಗ್ ಮತ್ತು ಬಿ-52 ಬೆಲ್ಟ್ ಎರಡೂ ಬೇಕಾಗುವ ಮಷಿನ್ ಯಾವುವು ಅಂತ ಕೇಳಿದ್ದೀರಿ. ವೇರ್ (ಷರತ್ತು ಹೇಳುವ ಭಾಗ) ಒಳಗೆ ಪಾರ್ಟ್ 6205 ಆಗಿರಬೇಕು ಮತ್ತು ಬಿ-52 ಆಗಿರಬೇಕು ಅಂತ ಬರೆದಿದ್ದೀರಿ. ವೇರ್ ಒಂದು ಸಲಕ್ಕೆ ಒಂದೇ ಸಾಲು ನೋಡುತ್ತದೆ. ಒಂದೇ ಸಾಲು ಬೇರಿಂಗೂ ಬೆಲ್ಟೂ ಎರಡೂ ಆಗುವುದು ಹೇಗೆ? ಇನ್ ಹಾಕಿ ಎರಡರಲ್ಲಿ ಯಾವುದಿದ್ದರೂ ಹಿಡಿಯಿರಿ, ಮಷಿನ್‌ವಾರು ಗ್ರೂಪ್ ಮಾಡಿ, ಬೇರೆ ಬೇರೆ ಪಾರ್ಟ್ ಐಡಿಯ ಎಣಿಕೆ 2 ಇರುವುದನ್ನು ಉಳಿಸಿ.

ಇಲ್ಲ ಅನ್ನುವ ಪ್ರಶ್ನೆಯೂ ಹೀಗೇ ಕೆಡುತ್ತದೆ. 6205 ಬೇಡದ ಮಷಿನ್ ಯಾವುದು ಅಂತ ಕೇಳಲು ಪಾರ್ಟ್ 6205 ಅಲ್ಲದ ಸಾಲು ತೆಗೆದರೆ, 6205 ಜೊತೆಗೆ ಇನ್ನೊಂದು ಪಾರ್ಟ್ ಇರುವ ಮಷಿನ್ ಕೂಡ ಬರುತ್ತದೆ. ಅಂಥ ಸಾಲೇ ಇಲ್ಲವಾ ಅಂತ ನೋಡುವ ನಾಟ್ ಎಕ್ಸಿಸ್ಟ್ಸ್ ಬಳಸಿ. ಲೆಫ್ಟ್ ಜಾಯಿನ್ ಮಾಡಿದರೂ ಮಾರಾಟವಾಗದ ಪಾರ್ಟ್ ಕಾಣಿಸುತ್ತಿಲ್ಲ ಅಂದರೆ ವೇರ್ ನೋಡಿ. ಬಿಲ್ ದಿನಾಂಕದ ಷರತ್ತು ಅಲ್ಲಿದ್ದರೆ ನಲ್ ಸಾಲುಗಳೆಲ್ಲ ಬಿದ್ದುಹೋಗುತ್ತವೆ. ಆ ಷರತ್ತು ಜಾಯಿನ್ನಿನ ಆನ್ ಭಾಗದ ಒಳಗೆ ಹೋಗಬೇಕು.

ಒಂದು ಕಡೆಯಿಂದ ವೇಗ, ಇನ್ನೊಂದು ಕಡೆಯಿಂದ ಆಮೆ

ಮಷಿನ್ ಆರಿಸಿ ಪಾರ್ಟ್ ಕೇಳಿದರೆ ತಟ್ಟನೆ ಬರುತ್ತದೆ, ಪಾರ್ಟ್ ಆರಿಸಿ ಮಷಿನ್ ಕೇಳಿದರೆ ಕಾಯಬೇಕು. ಪ್ರೈಮರಿ ಕೀ ಮಷಿನ್, ಪಾರ್ಟ್ ಅನ್ನುವ ಕ್ರಮದಲ್ಲಿದೆ. ಆ ಇಂಡೆಕ್ಸ್ ಮೊದಲ ಕಾಲಮ್ಮಿನಿಂದ ಹುಡುಕಲು ಚೆನ್ನಾಗಿದೆ, ಎರಡನೆಯದರಿಂದ ಶುರು ಮಾಡಿದರೆ ಅಷ್ಟಾಗಿ ಸಹಾಯ ಮಾಡುವುದಿಲ್ಲ. ಪಾರ್ಟ್, ಮಷಿನ್ ಅಂತ ತಿರುಗಾ ಕ್ರಮದಲ್ಲಿ ಇನ್ನೊಂದು ಇಂಡೆಕ್ಸ್ ಹಾಕಿ. ಫಾರಿನ್ ಕೀ ಹಾಕಿದರೆ ಇಂಡೆಕ್ಸ್ ತಾನೇ ಬರುತ್ತದೆ ಅಂದ್ಕೊಂಡವರಿಗೆ: ಇನ್ನೋಡಿಬಿ ಮಾಡಿಕೊಡುತ್ತದೆ, ಪೋಸ್ಟ್‌ಗ್ರೆಸ್ ಮತ್ತು ಎಸ್‌ಕ್ಯೂಲೈಟ್ ಮಾಡುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಪಾರ್ಟ್ ಅಳಿಸಲು ಸಿಕ್ಕಾಪಟ್ಟೆ ಹೊತ್ತು ಹಿಡಿಯುತ್ತಿದ್ದರೂ ಕಾರಣ ಇದೇ. ಆ ಪಾರ್ಟ್ ಬಿಲ್-ಸಾಲಿನಲ್ಲಿ ಎಲ್ಲಾದರೂ ಇದೆಯಾ ಅಂತ ಅದು ಇಡೀ ಟೇಬಲ್ ಓದುತ್ತಾ ಕೂರುತ್ತದೆ. ಎಕ್ಸ್‌ಪ್ಲೇನ್ ಹಾಕಿ ನೋಡಿದರೆ ಹುಡುಕಾಟದ ಕ್ವೆರಿ ಯಾವ ಇಂಡೆಕ್ಸ್ ಹಿಡಿಯಿತು ಅಂತ ಕಾಣುತ್ತದೆ. ಅಳಿಸುವಾಗಿನ ಫಾರಿನ್ ಕೀ ಪರೀಕ್ಷೆಯ ಹೊತ್ತು ಬೇಕಾದರೆ ಪೋಸ್ಟ್‌ಗ್ರೆಸ್‌ನ ಎಕ್ಸ್‌ಪ್ಲೇನ್ ಅನಲೈಸ್ ಟ್ರಿಗರ್ ಸಾಲಿನಲ್ಲಿ ತೋರಿಸುತ್ತದೆ. ಅದು ನಿಜವಾಗಿಯೇ ಅಳಿಸುತ್ತದೆ, ಹಾಗಾಗಿ ಮೊದಲು ಬಿಗಿನ್ ಕೊಟ್ಟು ಆಮೇಲೆ ರೋಲ್‌ಬ್ಯಾಕ್ ಮಾಡಿ.